ಶಿವದೇವಿ ಅಕ್ಕ ಕೇಳುವ ಬೇಸರದ ಪ್ರಶ್ನೆ

ಮೊದಲಿಗೆ ಒಂದು ಮಾತು. ಈ ಬರಹದ ಅಕ್ಷರ ದುಂಡಗಿಲ್ಲ, ಸಾಲುಗಳು ಕೆಳಕ್ಕೆ ಜಾರಿವೆ. ಕೆಲವು ಕಡೆ ಸರಿಯಾದ ಶಬ್ದ ಸಿಗದೆ ತಿಳಿದದ್ದನ್ನೇ ಹಾಕಿದೆ. ಅಚ್ಚು ಮಾಡುವವರೂ ಓದುವವರೂ ಇದನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು. ಬರೆದವಳು ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು. ಕನ್ನಡ ಸಂಘದ ಸಂಚಿಕೆಗೆ ಶಿವದೇವಿ ಅಕ್ಕನ ಬಗ್ಗೆ ಬರೆದುಕೊಡು ಎಂದರು, ಇಲ್ಲ ಎನ್ನಲು ಬಾಯಿ ಬರಲಿಲ್ಲ. ‘ನಾನು, ನಾನು’ ಎಂದು ಬರೆಯಲು ನಾಚಿಕೆಯಾಗುತ್ತದೆ. ಅದಕ್ಕೆ ಬರೆದವಳನ್ನೂ ಸುಗಲಮ್ಮ ಎಂದು ಹೆಸರು ಹಿಡಿದೇ ಬರೆದಿದೆ.

ಶಿವದೇವಿ ಹೈದರಾಬಾದಿನ ಸನತ್‌ನಗರದಲ್ಲಿ, ಕಾರ್ಖಾನೆಗಳ ಹಿಂದಿನ ಓಣಿಯೊಂದರಲ್ಲಿ ಇರುತ್ತಾರೆ. ತವರು ಸೇಡಂ ಕಡೆ. ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ಬಂದವೆಂದು ಅವರ ತಂದೆ ಹಟ ಹಿಡಿದು ಸೈನ್ಸ್ ಕೊಡಿಸಿದ್ದರು. ಕಪ್ಪೆ ಕೊಯ್ಯುವ ಪಾಠ ಬಂದ ದಿನ ಶಿವದೇವಿ ಕಾಲೇಜಿನಿಂದ ಎದ್ದು ಬಂದವರು ಮತ್ತೆ ಆ ಕಡೆ ಹೋಗಲಿಲ್ಲ. ಮುಂದೆ ಜನಾರ್ದನ ಅವರನ್ನು ಮದುವೆಯಾಗಿ ಹೈದರಾಬಾದಿಗೆ ಬಂದರು. ಇಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬೋರ್ಡಿನ ತೂತುಗಳಿಗೆ ವೈರು ಚುಚ್ಚುವುದು, ‘ಲೈನ್ ಐತಿ, ಮಾತಾಡ್ರಿ’ ಎನ್ನುವುದು, ವೈರು ಕಿತ್ತು ಇನ್ನೊಂದು ಚುಚ್ಚುವುದು. ಪಕ್ಕದ ಕುರ್ಚಿಯ ವನಜಾ ಎನ್ನುವವರು ಇವರಿಗಿಂತ ಹೆಚ್ಚು ಓದಿದವರು, ಇವರಿಗಿಂತ ಚುರುಕು. ಆದರೂ ವರ್ಷ ತುಂಬುವುದರೊಳಗೆ ತಲೆ ಸಿಡಿಯುತ್ತದೆಂದು ಅತ್ತು ಕೆಲಸ ಬಿಟ್ಟರು. ಶಿವದೇವಿಗೆ ಮಾತ್ರ ಏನೂ ಅನಿಸಲಿಲ್ಲ. ಬೋರ್ಡು ಹೋಗಿ ಯಂತ್ರ ಬಂತು, ಅವರನ್ನು ದೂರು ಕೇಳುವ ಕಿಟಕಿಗೆ ಹಾಕಿದರು. ಅಲ್ಲಿ ದಿನವಿಡೀ ಒಂದೇ ದೂರು, ‘ನನ್ನ ಫೋನು ಸತ್ತೈತಿ.’ ಅದಕ್ಕೂ ಅವರಿಗೆ ಬೇಸರ ಬರಲಿಲ್ಲ.

ಅವರ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ. ಪ್ರತಿ ಭಾನುವಾರ ಬೆಳಿಗ್ಗೆ ಸಂಘದ ಕೋಣೆಯಲ್ಲಿ ಹತ್ತನೇ ತರಗತಿಯ ಮಕ್ಕಳು ಅವರ ಮುಂದೆ ಕೂರುತ್ತಾರೆ. ಮುಂದೆ ಏನು ಓದುವುದು ಎಂದು ಕೇಳುತ್ತಾರೆ. ಬೇರೆ ಕಡೆಯಾದರೆ ‘ನಿನಗೆ ಯಾವುದು ಇಷ್ಟ’ ಎಂದು ಕೇಳುತ್ತಾರಂತೆ. ಶಿವದೇವಿ ಹಾಗೆ ಕೇಳುವುದಿಲ್ಲ.

“ಯಾವ ಬ್ಯಾಸರ ನಿನಗ ತಡೀತೈತಿ?” ಎನ್ನುತ್ತಾರೆ. “ಇಷ್ಟ ಎಲ್ಲಾರಿಗೂ ಎಲ್ಲಾದ್ದರ ಮ್ಯಾಲೂ ಇರತೈತಿ, ದೂರದಿಂದ ನೋಡಿದ್ರ. ದಿನಾ ಮಾಡೂ ಕೆಲಸದಾಗ ಬ್ಯಾಸರ ಇದ್ದ ಇರತೈತಿ. ನಿನಗ ತಡಿಯೂ ಬ್ಯಾಸರ ಯಾವುದು, ಅದನ್ನ ಹುಡುಕಿ ಬಾ.”

ಹುಡುಕುವುದಕ್ಕೆ ಮಕ್ಕಳನ್ನು ಒಂದೊಂದು ದಿನ ಕೆಲಸದ ಜಾಗಕ್ಕೆ ಕಳಿಸುತ್ತಾರೆ. ಲೇತ್ ಶಾಪು, ಔಷಧದ ಅಂಗಡಿ, ಆಡಿಟರ್ ಆಫೀಸು, ಎಲ್ಲಿ ಪರಿಚಯದವರು ಇದ್ದಾರೋ ಅಲ್ಲಿಗೆ. ಈ ಕತೆ ನಡೆದ ಬೇಸಿಗೆಯಲ್ಲಿ ಓಣಿಯ ಗೋಡೆಗಳ ತುಂಬ ಕಂಪ್ಯೂಟರ್ ಕೋರ್ಸುಗಳ ಕಾಗದ ಅಂಟಿಸಿರುತ್ತಿದ್ದರು. ಮಾಧಾಪುರದಲ್ಲಿ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಮನೆಮನೆಯಲ್ಲೂ ಎಂ.ಪಿ.ಸಿ., ಅಂದರೆ ಗಣಿತದ ಗುಂಪು, ಆಮೇಲೆ ಎಂಜಿನಿಯರಿಂಗ್, ಆಮೇಲೆ ಸಾಫ್ಟ್‌ವೇರ್ ಎಂದೇ ಮಾತು. ಕುರಿಯ ಹಿಂಡಿನಂತೆ ಎಲ್ಲರೂ ಒಂದೇ ಕಡೆ ನುಗ್ಗುವುದು ಶಿವದೇವಿಗೆ ಸೇರುತ್ತಿರಲಿಲ್ಲ. ಯಾವುದಾದರೂ ಮಗು ‘ಕಂಪ್ಯೂಟರ್ ಬ್ಯಾಸರಾತ್ರಿ’ ಎಂದು ಬಂದು ಹೇಳಿದರೆ ಅವರ ಮುಖ ಅರಳುತ್ತಿತ್ತು. ಓಣಿಯವರು ಅವರಿಗೆ ‘ಬ್ಯಾಸರದವ್ವ’ ಎಂದು ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು.

ಹುಡುಗಿಯರನ್ನು ಅಷ್ಟು ದೂರ ಒಬ್ಬರೇ ಕಳಿಸಲು ಮನೆಯವರು ಒಪ್ಪುವುದಿಲ್ಲ. ಜೊತೆಗೆ ಹೋಗುವುದು ಸುಗಲಮ್ಮನ ಕೆಲಸ. ಅವಳು ಅಣ್ಣನ ಸಂಸಾರದ ಜೊತೆ ಲಿಂಗಸುಗೂರು ಕಡೆಯಿಂದ ಬಂದವಳು. ಇಲ್ಲಿಯ ಶಾಲೆಯ ತೆಲುಗೂ ಇಂಗ್ಲಿಷೂ ತಲೆಗೆ ಹತ್ತದೆ ಮನೆಯಲ್ಲಿ ಕುಳಿತವಳು, ಸೀರೆಗಳಿಗೆ ಫಾಲ್ ಹಚ್ಚುತ್ತಾಳೆ. ಶಿವದೇವಿ ಅವಳಿಗೂ ಒಮ್ಮೆ ಅದೇ ಪ್ರಶ್ನೆ ಕೇಳಿದ್ದರು. ಫಾಲ್ ಹಚ್ಚುವುದು ಬೇಸರವಾಗುವುದಿಲ್ಲ ಎಂದು ಸುಗಲಮ್ಮ ಹೇಳಿದ್ದಳು. “ಹಂಗಾರ ಸದ್ಯಕ್ಕ ಅದನ್ನ ಮಾಡು,” ಎಂದು ಅವರು ಮಾತು ಮುಗಿಸಿದ್ದರು. ಅವಳು ಹೆಚ್ಚು ಮಾತಾಡುವುದಿಲ್ಲವೆಂದೇ ಈ ಕೆಲಸಕ್ಕೆ ಆರಿಸಿದ್ದು. ಹೋಗಬೇಕು, ಮೂಲೆಯಲ್ಲಿ ಕೂರಬೇಕು, ಸಂಜೆ ಕರೆದುಕೊಂಡು ಬರಬೇಕು. ಏನು ಕಂಡೆ ಎಂದು ಅವಳನ್ನು ಯಾರೂ ಕೇಳುತ್ತಿರಲಿಲ್ಲ.

ಈಗ ಸಪ್ನಾಳ ವಿಷಯ ಹೇಳಬೇಕು. ಅವಳು ಅಮರೇಶಪ್ಪನ ಮಗಳು. ಅಮರೇಶಪ್ಪ ಪಂಪು ತಯಾರಿಸುವ ಒಂದು ಕಾರ್ಖಾನೆಯಲ್ಲಿ ಫಿಟ್ಟರ್, ಶಿವದೇವಿಯ ಮನೆಯ ಎದುರಿಗೇ ಇರುವವನು. ಮಗಳಿಗೆ ಎಂ.ಪಿ.ಸಿ. ಎಂದು ಅವನು ಮೊದಲೇ ನಿಶ್ಚಯಿಸಿದ್ದ. ಪರೀಕ್ಷೆಗೂ ಮುಂಚೆಯೇ ದೊಡ್ಡ ಖಾಸಗಿ ಕಾಲೇಜೊಂದರ ಮನುಷ್ಯ ಸ್ಕೂಟರಿನಲ್ಲಿ ಬಂದು, ಕಾಲೇಜಿನ ಹೆಸರಿದ್ದ ಬ್ಯಾಗು ಕೊಟ್ಟು, ಸೀಟು ಹಿಡಿದಿಟ್ಟಿದ್ದೇನೆ ಎಂದು ಹೇಳಿ ಹೋಗಿದ್ದ.

“ಅದೇ ಕಾಲೇಜು ಯಾಕೋ ಅಮರೇಶಪ್ಪ?” ಎಂದು ಶಿವದೇವಿ ಕೇಳಿದರು.

“ಬಸ್ಸು ನಮ್ಮ ಓಣಿ ಮುಂದನ ನಿಂದರತೈತ್ರಿ ಅಕ್ಕಾರ.”

“ಹಂಗಾರ ಬಸ್ಸಿಗೆ ಹೆಸರು ಹಚ್ಚು. ಕಾಲೇಜಿಗ್ಯಾಕ?”

ಸಪ್ನಾಳ ತಾಯಿ ಬಸಲಿಂಗಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಮರೇಶಪ್ಪನಿಗೆ ಸಿಟ್ಟು ಬಂತು. “ನಮ್ಮ ಶಾಪಿನಾಗ ಹೆಲ್ಪರ್ ಮಗ ಸೈತ ಎಂ.ಪಿ.ಸಿ. ತಗೊಳ್ಳಾಕತ್ಯಾನ. ನನ್ನ ಮಗಳು ಏನು ಕಮ್ಮಿ ಅದಾಳ?”

“ಕಮ್ಮಿ ಅಂತ ಯಾರಂದ್ರು? ಆಕಿ ಸಮಾಧಾನದ ಹುಡುಗಿ. ಒಂದು ದಿನ ಲ್ಯಾಬಿಗೆ ಕಳಸು, ನೋಡೂಣು.”

ಎರ್ರಗಡ್ಡದ ಹತ್ತಿರ ರಕ್ತ ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬಿಗೆ ಸಪ್ನಾ ಹೋದಳು. ಇಡೀ ದಿನ ಗಾಜಿನ ಕೊಳವೆಗಳಿಗೆ ಹೆಸರಿನ ಚೀಟಿ ಅಂಟಿಸಿದಳು. ಒಂದು ಮಾತೂ ಆಡಲಿಲ್ಲ. ಮೂಲೆಯ ಸ್ಟೂಲಿನ ಮೇಲಿದ್ದ ಸುಗಲಮ್ಮನಿಗೆ ಅವಳು ಗೋಡೆಯ ಗಡಿಯಾರ ನೋಡುವುದೂ, ಉಗುರಿನ ಬಣ್ಣ ಕೆರೆಯುವುದೂ, ಮತ್ತೆ ಗಡಿಯಾರ ನೋಡುವುದೂ ಕಾಣುತ್ತಿತ್ತು. ಸಂಜೆ ಶಿವದೇವಿ ಕೇಳಿದರು, “ಬ್ಯಾಸರಾತೇನು?”

“ಇಲ್ರಿ ಅತ್ತಿ.”

ಸಪ್ನಾ ಯಾರು ಏನು ಕೇಳಿದರೂ ‘ಇಲ್ರಿ’ ಎನ್ನುವ ಹುಡುಗಿ. ಶಿವದೇವಿ ಅದನ್ನೇ ಗಟ್ಟಿ ಹಿಡಿದರು. ಎರಡು ವರ್ಷದ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಇಂಟರ್‌ನಲ್ಲೇ, ಅಂದರೆ ನಮ್ಮ ಕಡೆಯ ಪಿ.ಯು.ಸಿ. ಮಟ್ಟದಲ್ಲೇ ಇದೆ, ಮುಗಿದ ಕೂಡಲೇ ಕೆಲಸ ಸಿಗುತ್ತದೆ, ಬೇಕಾದರೆ ಮುಂದೆ ಓದಬಹುದು ಎಂದು ಅಮರೇಶಪ್ಪನ ಬೆನ್ನು ಹತ್ತಿದರು. ನೀರಿಗೆ ನಿಂತಲ್ಲಿ, ತರಕಾರಿ ಗಾಡಿಯ ಹತ್ತಿರ, ಸಿಕ್ಕಲ್ಲೆಲ್ಲ ಅದೇ ಮಾತು. ಕೊನೆಗೆ ಅವನು ಸೋತ. ಫಲಿತಾಂಶ ಬಂದ ಮೇಲೆ ಸ್ಕೂಟರಿನ ಮನುಷ್ಯ ಮತ್ತೆ ಬಂದಾಗ ಸೀಟು ಬೇಡ ಎಂದು ಹೇಳಿ ಕಳಿಸಿದ. ಸೋಮವಾರ ರಜೆ ಹಾಕಿ ಮಗಳನ್ನು ಲ್ಯಾಬ್ ಕೋರ್ಸಿಗೆ ಸೇರಿಸುವುದು ಎಂದಾಯಿತು.

ಆದರೆ ಶಿವದೇವಿಯದು ಇನ್ನೊಂದು ನಿಯಮ ಇತ್ತು. ಬೇಡ ಎಂದು ಬಿಟ್ಟದ್ದನ್ನೂ ಒಂದು ದಿನ ನೋಡಿ ಬರಬೇಕು. ಆಮೇಲೆ ಯಾರೂ ‘ನೋಡದೇ ಬಿಟ್ಟೆ’ ಎನ್ನಬಾರದು. ಹಾಗಾಗಿ ಸೋಮವಾರಕ್ಕೆ ಮೊದಲಿನ ಶನಿವಾರ ಸಪ್ನಾಳನ್ನು ಕರೆದುಕೊಂಡು ಸುಗಲಮ್ಮ ಮಿಯಾಪುರದ ಬಸ್ಸು ಹತ್ತಿದಳು.

ಅಲ್ಲಿ ಕೃಪಾ ಎನ್ನುವವರಿದ್ದಾರೆ. ಪುತ್ತೂರಿನ ಕಡೆಯವರು, ಸಂಘಕ್ಕೆ ಬರುತ್ತಾರೆ. ಸಾಫ್ಟ್‌ವೇರ್ ಕಂಪನಿಯಲ್ಲಿ, ಬೇರೆಯವರು ಬರೆದ ಪ್ರೋಗ್ರಾಮುಗಳನ್ನು ಪರೀಕ್ಷೆ ಮಾಡುವ ಕೆಲಸ. ಆಫೀಸಿನ ಒಳಗೆ ಹೊರಗಿನವರನ್ನು ಬಿಡುವುದಿಲ್ಲವಾದ್ದರಿಂದ ಮಕ್ಕಳಿಗೆ ತೋರಿಸಲೆಂದು ಮನೆಯ ಕಂಪ್ಯೂಟರಿನಲ್ಲಿ ಒಂದು ಪುಟ ಮಾಡಿ ಇಟ್ಟುಕೊಂಡಿದ್ದರು. ಬಸ್ ಟಿಕೆಟ್ ತೆಗೆಯುವ ಪುಟ: ಹೆಸರು, ವಯಸ್ಸು, ಹೋಗುವ ದಿನ, ಬರುವ ದಿನ.

“ಕೂತ್ಕೊ. ಇದರಲ್ಲಿ ನೀನು ಸರಿ ಬರೆಯುದು ಬೇಡ, ತಪ್ಪು ಬರೆ,” ಎಂದರು ಕೃಪಾ. “ವಯಸ್ಸು ಇನ್ನೂರು ಹಾಕು. ಹೆಸರಿನ ಜಾಗದಲ್ಲಿ ನಂಬರ್ ಹಾಕು. ಅದು ನಿನ್ನನ್ನು ತಡೀಬೇಕು. ತಡೀದಿದ್ರೆ ಅದು ಎಡವಟ್ಟು, ಬರೆದಿಡು. ಒಂದು ಸಲ ಮಾಡಿ ಬಿಡುದಲ್ಲ ಮಾರಾಯ್ತಿ, ಎಷ್ಟು ತರ ತಪ್ಪುಂಟೋ ಅಷ್ಟೂ ಮಾಡ್ಬೇಕು. ನಮ್ಮದು ದಿನಾ ಇದೇ ಕತೆ.”

ಸುಗಲಮ್ಮ ಹಿಂದೆ ಕುಳಿತು ನೋಡಿದಳು. ಸ್ವಲ್ಪ ಹೊತ್ತಿಗೇ ಅವಳಿಗೆ ಆಕಳಿಕೆ ಬಂತು. ಅದೇ ಪುಟ, ಅದೇ ನಾಲ್ಕು ಜಾಗ, ಒಂದಕ್ಷರ ಬದಲಿಸುವುದು, ಒತ್ತುವುದು, ಬರೆಯುವುದು, ಮತ್ತೆ ಮೊದಲಿಂದ. ಅವಳು ಎದ್ದು ಬಾಲ್ಕನಿಗೆ ಹೋಗಿ ಅರ್ಧ ಕಟ್ಟಿದ ಅಪಾರ್ಟ್‌ಮೆಂಟುಗಳನ್ನೂ, ಸಿಮೆಂಟು ಹೊರುವವರನ್ನೂ ನೋಡುತ್ತ ನಿಂತಳು. ಒಳಗೆ ಬಂದಾಗ ಸಪ್ನಾ ಅಲುಗಾಡಿರಲಿಲ್ಲ. ಕಾಲು ಮಡಚಿ ಕುರ್ಚಿಯ ಮೇಲೆ ಇಟ್ಟುಕೊಂಡಿದ್ದಳು, ಜಡೆಯ ತುದಿ ಬಾಯಲ್ಲಿತ್ತು.

ಕೃಪಾ ನೀರುದೋಸೆ ಹಾಕಿ ಕರೆದರು. ಸಪ್ನಾ ‘ಬಂದೆ’ ಎಂದಳು, ಬರಲಿಲ್ಲ. ದೋಸೆ ಆರಿತು. ಇನ್ನೊಮ್ಮೆ ಕರೆದಾಗ ತಿರುಗಿ ನೋಡದೆ ಹೇಳಿದಳು, “ಫೆಬ್ರವರಿ ಒಂದ ಉಳದೈತ್ರಿ.”

ಕೃಪಾ ಸುಗಲಮ್ಮನ ಮುಖ ನೋಡಿದರು. “ಇವಳು ಇಲ್ಲೇ ಇರ್ಲಿ, ನಾಡಿದ್ದು ನನ್ನ ಬದಲು ಆಫೀಸಿಗೆ ಇವಳನ್ನೇ ಕಳಿಸ್ತೇನೆ,” ಎಂದು ನಕ್ಕರು.

ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕೂಕಟ್‌ಪಲ್ಲಿ ದಾಟುವವರೆಗೆ ಸಪ್ನಾ ಮಾತಾಡುತ್ತಲೇ ಇದ್ದಳು. ಬರುವ ದಿನ ಹೋಗುವ ದಿನಕ್ಕಿಂತ ಮೊದಲೇ ಇದ್ದರೂ ಆ ಪುಟ ಸುಮ್ಮನೆ ಟಿಕೆಟು ಕೊಡುತ್ತದಂತೆ. ಇವಳು ಅಷ್ಟು ಮಾತಾಡಿದ್ದನ್ನು ಸುಗಲಮ್ಮ ಹಿಂದೆ ಕೇಳಿರಲಿಲ್ಲ. ಆಮೇಲೆ ಸಪ್ನಾ ಸುಗಲಮ್ಮನ ಕಡೆ ತಿರುಗಿದಳು.

“ಸುಗಲಕ್ಕ, ನಾಳಿಗೆ ಅತ್ತಿ ಕೇಳಿದ್ರ ಭಾಳ ಬ್ಯಾಸರಾತು ಅಂತ ಹೇಳತೀನಿ.”

“ಯಾಕ?”

“ಹಂಗ ಅಂದ್ರ ಅವರಿಗೆ ಖುಷಿ ಆಗತೈತಿ. ಎಲ್ಲಾರೂ ಹಂಗ ಅಂತಾರ, ನಿನಗ ಗೊತ್ತಿಲ್ಲೇನು? ಹೋದ ವರ್ಷ ಮೂಲಿಮನಿ ಹುಡುಗಿ ಸುದ್ದಾ ಹಂಗ ಅಂದ್ಲು.”

“ನಿನಗ ಬ್ಯಾಸರಾಗಲಿಲ್ಲಲಾ.”

ಸಪ್ನಾ ಕಿಟಕಿಯ ಹೊರಗೆ ನೋಡಿದಳು. “ನಮ್ಮಪ್ಪನ ಕೂಡ ಎಷ್ಟು ಜಗಳಾಡಿ ಒಪ್ಪಿಸ್ಯಾರ. ಈಗ ನಾ ಕಂಪ್ಯೂಟರ್ ಬೇಕು ಅಂದ್ರ ಅಪ್ಪ ಅವರ ಸುದ್ದಿ ಹೇಳಿ ಓಣಿ ಮಂದಿನ್ನೆಲ್ಲಾ ನಗಸತಾನ. ಅತ್ತಿ ಮಾರಿ ಎಲ್ಲಿ ಇಟಗೊಳ್ಳಬೇಕು? ಲ್ಯಾಬ್ ಆದ್ರ ಲ್ಯಾಬ್. ನೀ ಮಾತ್ರ ಸುಮ್ಮನಿರು.”

ಸುಮ್ಮನಿರುವುದು ಸುಗಲಮ್ಮನಿಗೆ ಕಷ್ಟದ ಕೆಲಸವಲ್ಲ. ಅವಳು ಸರಿ ಎಂದಳು. ಆದರೆ ಮನೆಗೆ ಬಂದು ಸೂಜಿ ಹಿಡಿದಾಗ ಹೊಲಿಗೆ ಸೊಟ್ಟ ಹೋಗತೊಡಗಿತು, ಎರಡು ಸಲ ಬಿಚ್ಚಿದಳು. ಸೋಮವಾರ ಸಪ್ನಾ ಸೇರಿಬಿಟ್ಟರೆ ಮುಗಿಯಿತು. ಎರಡು ವರ್ಷ ಗಡಿಯಾರ ನೋಡುತ್ತ ಚೀಟಿ ಅಂಟಿಸಬೇಕು, ಆಮೇಲೂ ಅದನ್ನೇ ಮಾಡಬೇಕು. ತನಗೆ ಶಾಲೆಯಲ್ಲಿ ಗಡಿಯಾರ ನೋಡುತ್ತ ಕುಳಿತ ದಿನಗಳು ಹೇಗಿದ್ದವು ಎಂಬುದು ಅವಳಿಗೆ ಗೊತ್ತಿತ್ತು. ಇತ್ತ ಮಾತು ಕೊಟ್ಟಾಗಿದೆ. ಅಷ್ಟೇ ಅಲ್ಲ, ಶಿವದೇವಿಯ ಎದುರು, ಅವರು ತಪ್ಪು ತಿಳಿದಿದ್ದಾರೆ ಎಂದು ಹೇಳುವುದು ಹೇಗೆ? ಹೈದರಾಬಾದಿಗೆ ಬಂದ ಮೇಲೆ ಅವಳನ್ನು ಮನೆಯ ಹೊರಗೆ ಕರೆದವರು ಅವರೊಬ್ಬರೇ.

ಭಾನುವಾರ ಸಂಘದ ಕೋಣೆಯಲ್ಲಿ ಚಾಪೆ ಹಾಸಿತ್ತು. ನಾಲ್ಕೈದು ಮಕ್ಕಳು, ಅವರ ಮನೆಯವರು ಇದ್ದರು. ಮರುದಿನ ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಕೇಳಲು ಅಮರೇಶಪ್ಪನೂ ಬಂದು ಬಾಗಿಲಲ್ಲಿ ನಿಂತಿದ್ದ.

“ಹೆಂಗಾತು ಸಪ್ನಾ?” ಎಂದರು ಶಿವದೇವಿ.

“ಭಾಳ ಬ್ಯಾಸರಾತ್ರಿ ಅತ್ತಿ. ತಲಿ ನೂಯಾಕತ್ತಿತ್ತು.”

ಶಿವದೇವಿಯ ಮುಖ ಅರಳಿತು. ಅಮರೇಶಪ್ಪನ ಕಡೆ ತಿರುಗಿ, “ಕೇಳಿದಿಲ್ಲೋ?” ಎಂದರು. ಅವನು ತಲೆ ಕೆರೆದುಕೊಂಡ.

ಸುಗಲಮ್ಮ ಎದ್ದು ನಿಲ್ಲಲಿಲ್ಲ, ಚಾಪೆಯ ಅಂಚು ನೋಡುತ್ತಲೇ ಹೇಳಿದಳು. “ಅಕ್ಕಾರ, ಆಕಿ ನಿನ್ನೆ ಉಂಡಿಲ್ರಿ.”

“ಬ್ಯಾಸರಾದಾಗ ಊಟ ಹೆಂಗ ಸೇರತೈತಿ?”

“ಹಂಗಲ್ರಿ. ಎರಡು ಸಲ ಕರದ್ರೂ ಏಳಲಿಲ್ಲ. ಫೆಬ್ರವರಿ ಒಂದ ಉಳದೈತಿ ಅಂದ್ಲು.”

ಕೋಣೆಯಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. “ಈಗ ಜೂನ್ ನಡದೈತಿ,” ಎಂದ ಅಮರೇಶಪ್ಪ. “ಫೆಬ್ರವರಿ ಎಲ್ಲಿಂದ ಬಂತು?”

ಸಪ್ನಾ ಸುಗಲಮ್ಮನನ್ನು ದುರುಗುಟ್ಟಿ ನೋಡಿದಳು. ಅಪ್ಪನ ಮಾತಿಗೆ ಮಕ್ಕಳು ನಗತೊಡಗಿದಾಗ ಅವಳಿಗೆ ತಡೆಯಲಾಗಲಿಲ್ಲ. “ಹಂಗಲ್ಲಪ್ಪಾ. ಫೆಬ್ರವರಿಗೆ ಮೂವತ್ತನೇ ತಾರೀಖು ಇಲ್ಲ ಹೌದಿಲ್ಲೋ? ಅದನ್ನ ಹಾಕಿದ್ರ ಆ ಪುಟ ಬ್ಯಾಡ ಅನಬೇಕು. ಮೂವತ್ತಕ್ಕ ಬ್ಯಾಡ ಅಂತು. ಇಪ್ಪತ್ತೊಂಬತ್ತಕ್ಕ ಏನಂತೈತಿ ನೋಡಬೇಕಲ? ಅದು ನಾಲ್ಕು ವರ್ಷಕ್ಕೊಮ್ಮೆ ಇರತೈತಿ, ಉಳದ ವರ್ಷ ಇಲ್ಲ. ಅಂದ್ರ ವರ್ಷಾನೂ ಬದಲಿ ಮಾಡಿ ಮಾಡಿ ನೋಡಬೇಕು…” ಅವಳು ಕೈಯಿಂದ ಗಾಳಿಯಲ್ಲಿ ಪುಟ ಬರೆದು, ಯಾವ ಜಾಗದಲ್ಲಿ ಏನು ಹಾಕಿದರೆ ಏನಾಯಿತು ಎಂದು ಹೇಳುತ್ತಲೇ ಹೋದಳು. ನಡುವೆ ಒಮ್ಮೆ ತಾನೇ ಮರೆತ ಒಂದು ತಪ್ಪು ನೆನಪಾಗಿ, “ಅಯ್ಯ, ತಿಂಗಳು ಹದಿಮೂರು ಹಾಕಿ ನೋಡಲೇ ಇಲ್ಲ ನಾ,” ಎಂದಳು.

ಶಿವದೇವಿ ಎಲ್ಲವನ್ನೂ ಕೇಳಿಸಿಕೊಂಡರು. ದೂರಿನ ಕಿಟಕಿಯಲ್ಲಿ ಕೇಳಿಸಿಕೊಳ್ಳುತ್ತಿದ್ದ ಹಾಗೆಯೇ ಇರಬೇಕು. ಆಮೇಲೆ ಕೇಳಿದರು, “ಲ್ಯಾಬಿನಾಗ ಏನೇನ ಮಾಡಿದಿ, ಅದನ್ನಿಷ್ಟು ಹೇಳು.”

“ಚೀಟಿ ಅಂಟಿಸಿದ್ನಿ.”

“ಮತ್ತ?”

ಸಪ್ನಾ ಯೋಚಿಸಿದಳು. “ಅಷ್ಟರಿ.”

ಶಿವದೇವಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

“ಅಮರೇಶಪ್ಪ, ನಾಳಿಗೆ ಲ್ಯಾಬ್ ಕೋರ್ಸಿಗೆ ಹೋಗೂದು ಬ್ಯಾಡ. ಇಕಿಗೆ ಎಂ.ಪಿ.ಸಿ. ಕೊಡಸು.”

ಅಮರೇಶಪ್ಪ ಬಾಗಿಲು ಬಿಟ್ಟು ಒಳಗೇ ಬಂದ. “ಏನ್ರಿ ಅಕ್ಕಾರ, ನನ್ನ ತಲಿ ಬೋಳಾಗೂತನ ತಿಂದ್ರಿ. ಸೀಟು ಬ್ಯಾಡ ಅಂತ ಹೇಳಿಸಿದ್ರಿ. ಈಗ ಕೊಡಸು ಅಂತೀರಿ. ನಾ ಮೊದಲ ಏನಂದಿದ್ದೆ?”

“ನೀ ಅಂದದ್ದು ಬಸ್ಸಿನ ಸಲುವಾಗಿ. ಆದ್ರೂ ನಾ ತಪ್ಪಿದ್ನಿ, ನಿಜ. ಸುಮ್ಮನ ಕುಂತಾಳ ಅಂದ್ರ ಅದು ಆಕಿಗೆ ಸೇರೇತಿ ಅಂತ ತಿಳಕೊಂಡೆ.”

“ಆ ಕಾಲೇಜಿನ್ಯಾಂವ ಈಗ ನನ್ನ ಫೋನ್ ಎತ್ತಂಗಿಲ್ಲ.”

“ಸರ್ಕಾರಿ ಜೂನಿಯರ್ ಕಾಲೇಜ್ ಐತಿ. ನಡಕೊಂಡ ಹೋಗಬೇಕು. ನಾಳಿಗೆ ನಾನೂ ಬರತೀನಿ ನಿಮ್ಮ ಕೂಡ.”

“ಬರ್ರಿ,” ಎಂದ ಅಮರೇಶಪ್ಪ. “ಅಲ್ಲಿ ಪ್ರಿನ್ಸಿಪಾಲರಿಗೂ ಬ್ಯಾಸರಾತೇನು ಅಂತ ಕೇಳಬ್ಯಾಡ್ರಿ ಮತ್ತ.” ಎಲ್ಲರೂ ನಕ್ಕರು. ಶಿವದೇವಿಯೂ ನಕ್ಕರು, ಸ್ವಲ್ಪ ತಡವಾಗಿ.

ಸೋಮವಾರ ಮೂವರೂ ಹೋದರು, ಸೀಟು ಸಿಕ್ಕಿತು. ಸಪ್ನಾ ಹೇಳಿದ್ದು ಸುಳ್ಳಾಗಲಿಲ್ಲ. ಅಮರೇಶಪ್ಪ ಹಲವು ದಿನ ಓಣಿಯಲ್ಲೂ ಕಾರ್ಖಾನೆಯಲ್ಲೂ ಈ ಕತೆಯನ್ನು ಹೇಳಿಕೊಂಡು ತಿರುಗಿದ. ಶಿವದೇವಿ ಅದಕ್ಕೆ ಉತ್ತರ ಕೊಡಲು ಹೋಗಲಿಲ್ಲ. ಸಪ್ನಾ ಸುಗಲಮ್ಮನ ಜೊತೆ ಮಾತು ಬಿಟ್ಟವಳು, ಕಾಲೇಜು ಶುರುವಾದ ಮೇಲೆ ಒಂದು ಸಂಜೆ ತಾನೇ ಬಂದು ಪಕ್ಕದಲ್ಲಿ ಕುಳಿತು, ಸೂಜಿಗೆ ದಾರ ಪೋಣಿಸಿ ಕೊಟ್ಟಳು. ಭೌತಶಾಸ್ತ್ರ ಕಷ್ಟ ಇದೆಯಂತೆ. ಮೊದಲ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಿವೆ. ಕಲಿಯುತ್ತೇನೆ ಎಂದಿದ್ದಾಳೆ.

ಸೀಟು ಸಿಕ್ಕ ವಾರವೇ ಶಿವದೇವಿ ಸುಗಲಮ್ಮನನ್ನು ಮನೆಗೆ ಕರೆಸಿದ್ದರು. ಅವರು ರೊಟ್ಟಿ ಬಡಿಯುತ್ತಿದ್ದರು.

“ಲ್ಯಾಬಿಗೆ ಹ್ವಾದ ದಿನಾನೂ ಆಕಿಗೆ ಬ್ಯಾಸರಾಗಿದ್ದು ನೀ ನೋಡಿದ್ದಿ ಅಲ್ಲ? ಆಗ ಯಾಕ ಹೇಳಲಿಲ್ಲ?”

“ನೀವು ಕೇಳಲಿಲ್ರಿ.”

ಶಿವದೇವಿಯ ಕೈ ರೊಟ್ಟಿಯ ಮೇಲೆ ನಿಂತಿತು. “ಹೌದು, ಕೇಳಲಿಲ್ಲ,” ಎಂದರು. ರೊಟ್ಟಿಯನ್ನು ತವೆಗೆ ಹಾಕಿ, ಮೇಲೆ ನೀರು ಸವರಿ, ಆಮೇಲೆ ಹೇಳಿದರು, “ಹುಡುಗರು ನನ್ನ ಮಾರಿ ನೋಡಿ ಹೇಳತಾರ. ನೀ ಅವರ ಮಾರಿ ನೋಡತಿ. ಇನ್ನ ಮ್ಯಾಲೆ ಮೊದಲ ನೀ ಹೇಳಬೇಕು, ಆಮ್ಯಾಲೆ ಹುಡುಗರು.”

“ಎಲ್ಲಾರ ಮುಂದ ನನಗಾಗೂದಿಲ್ರಿ ಅಕ್ಕಾರ.”

“ಆ ದಿನ ಹೇಳಿದಿ.”

“ಅದು ಒಮ್ಮೆ ಆತ್ರಿ. ಪ್ರತಿ ಸಲ ಆಗೂದಿಲ್ಲ.”

“ಹಂಗಾರ ಇಲ್ಲೇ ಅಡಗಿಮನಿಯಾಗ ಹೇಳು. ನಾ ರೊಟ್ಟಿ ಬಡೀತಿರತೀನಿ, ನಿನ್ನ ಕಡೆ ನೋಡೂದಿಲ್ಲ. ನಡೀತೈತೇನು?”

ನಡೆಯುತ್ತದೆ ಎಂದು ಸುಗಲಮ್ಮ ಒಪ್ಪಿದಳು.

ಈಗ ಪೂರ್ವಿ ಎನ್ನುವ ಹುಡುಗಿ ಬಂದಿದ್ದಾಳೆ, ಕಂಪ್ಯೂಟರ್ ಬೇಡ, ಲೆಕ್ಕಪತ್ರದ ಕೆಲಸ ನೋಡಬೇಕು ಎನ್ನುತ್ತಾಳೆ. ಬರುವ ಶನಿವಾರ ಸುಗಲಮ್ಮ ಅವಳನ್ನು ಮೆಹದಿಪಟ್ಟಣಂನ ಒಂದು ಆಡಿಟರ್ ಆಫೀಸಿಗೆ ಕರೆದುಕೊಂಡು ಹೋಗುತ್ತಾಳೆ. ಸಂಜೆ ಬಂದು, ತಾನು ಕಂಡದ್ದನ್ನು ಶಿವದೇವಿಯ ಅಡುಗೆಮನೆಯಲ್ಲಿ ಹೇಳುತ್ತಾಳೆ.